ಅಪ್ಪನ ಮೂಗು

ಫೆಬ್ರವರಿ 9

ಅಪ್ಪಾ,

ಸುತ್ತಿಬಳಸಿ ಹೇಳಲು ಹೋದರೆ ನಡುವೆಯೇ ಧೈರ್ಯ ಸೋರಿಹೋದೀತು, ಮೊದಲೇ ಹೇಳಿಬಿಡುತ್ತೇನೆ. ಹೋದ ಮಂಗಳವಾರ ಮೂಗಿನ ಆಪರೇಷನ್ ಮಾಡಿಸಿಕೊಂಡೆ. ಕಾಯಿಲೆ ಏನೂ ಇರಲಿಲ್ಲ. ಆಕಾರ ಬದಲಾಯಿಸಿಕೊಳ್ಳಬೇಕಿತ್ತು. ನಡುವಿನ ಉಬ್ಬನ್ನು ತೆಗೆದು, ತುದಿಯನ್ನು ಚೂರು ಮೇಲಕ್ಕೆತ್ತಿದ್ದಾರೆ.

ಫೋನ್ ಮಾಡಬಹುದಿತ್ತು. ಆದರೆ ಮೂಗು ಒಳಗೂ ಹೊರಗೂ ಕಟ್ಟಿಹೋಗಿ ನನ್ನ ಅನುನಾಸಿಕಗಳೆಲ್ಲ ಕಳೆದುಹೋಗಿವೆ. ‘ಅಮ್ಮ’ ಅಂದರೆ ‘ಅಬ್ಬ’ ಎಂದು ಬರುತ್ತದೆ, ‘ನಾನು’ ಅಂದರೆ ‘ದಾದು’. ಏಳು ವರ್ಷದಿಂದ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುತ್ತಿರುವವಳ ಬಾಯಲ್ಲಿ ಇಂಥ ಉಚ್ಚಾರಣೆ! ಕೇಳಿದರೆ ನಿಮಗೆ ನಗು ಬರುತ್ತದೆ, ನೀವು ನಕ್ಕರೆ ನನಗೆ ಅಳು ಬರುತ್ತದೆ. ಅದಕ್ಕೇ ಈ ಕಾಗದ.

ಇನ್ನೂ ಐದು ವಾರ ಮೂಗಿನ ಮೇಲೆ ಕನ್ನಡಕ ಇಡುವಂತಿಲ್ಲ. ಮೈನಸ್ ಆರೂವರೆ ನಂಬರಿನವಳು ಬರಿಗಣ್ಣಿನಲ್ಲಿದ್ದಾಳೆ ಅಂದರೆ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕಿಟಕಿಯಾಚೆಯ ಬೀದಿ ನೀರಿನಲ್ಲಿ ಕದಡಿದ ಬಣ್ಣದಂತಿದೆ. ಕೆಂಪು ಬಂದರೆ ಬಸ್ಸು ಇರಬೇಕು, ಬಿಳುಪು ಅಲ್ಲಾಡಿದರೆ ಎದುರು ಮನೆಯವರು ಬಟ್ಟೆ ಒಣಹಾಕುತ್ತಿರಬೇಕು. ಕಾಗದವನ್ನು ಮುಖದ ಹತ್ತಿರ ಹಿಡಿದು ಬರೆಯುತ್ತಿದ್ದೇನೆ. ಒಂದು ಗೇಣಿನಾಚೆಗೆ ಏನೂ ಇಲ್ಲ.

ಅಮ್ಮನಿಗೆ ಗೊತ್ತಿತ್ತು. ದೊಡ್ಡಮ್ಮನ ಮನೆಗೆ ಹೋಗುತ್ತೇನೆಂದು ನಿಮಗೆ ಹೇಳಿ ಬಂದದ್ದು ಇಲ್ಲಿಗೇ. ಮೂರು ದಿನ ನನ್ನ ಪಕ್ಕದಲ್ಲಿ ಕೂತಿದ್ದಳು. ಅವಳ ಮೇಲೆ ರೇಗಬೇಡಿ.

ನಿಮ್ಮ ಮಗಳು


ಫೆಬ್ರವರಿ 20

ಮಗಳೇ,

ಕಾಗದ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನ ಓದಿದೆ. ಆಮೇಲೆ ಬಂದ ಮೊದಲನೆಯವರಿಗೆ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಕೊಟ್ಟೆನಂತೆ. ಪಾಪ, ಮೆಟ್ಟಿಲಿಳಿಯುವಾಗ ತಡಬಡಾಯಿಸಿ ವಾಪಸು ಬಂದರು.

ನಿನ್ನ ಅಮ್ಮ ಒಳಗೆ ಯಂತ್ರದಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದಳು. “ಅಕ್ಕನ ಮನೆಯಲ್ಲಿ ಎಲ್ಲಾರೂ ಹೇಗಿದ್ರು?” ಎಂದು ಕೇಳಿದೆ. ಯಂತ್ರ ನಿಲ್ಲಿಸಿ ನನ್ನ ಮುಖ ನೋಡಿದಳು. “ಗೊತ್ತಾಯ್ತಾ?” ಅಂದಳು. ಮತ್ತೆ ಯಂತ್ರ ಶುರು ಮಾಡಿದಳು.

ನಲವತ್ತೈದು ವರ್ಷದಿಂದ ಜನರ ಮೂಗಿನ ಮೇಲೆ ಫ್ರೇಮು ಕೂರಿಸುತ್ತಾ ಬಂದವನು ನಾನು. ಸಾವಿರಾರು ಮೂಗು ನೋಡಿದ್ದೇನೆ. ನಿನ್ನದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದು ನನ್ನ ಮೂಗು, ನನ್ನಪ್ಪನ ಮೂಗು. ತೆಗೆಸುವ ಮುಂಚೆ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ?

ಯಾರೋ ಏನೋ ಅಂದಿರಬೇಕು. ಯಾರೆಂದು ಹೇಳು, ನಾನು ವಿಚಾರಿಸಿಕೊಳ್ಳುತ್ತೇನೆ.

ನೋವಿದೆಯೋ ಇಲ್ಲವೋ ಎಂಬುದನ್ನೂ ನೀನು ಬರೆದಿಲ್ಲ.

ಇಂತಿ,
ಅಪ್ಪ


ಮಾರ್ಚ್ 14

ಅಪ್ಪಾ,

ನೋವಿಲ್ಲ. ಹೆಜ್ಜೆ ಇಟ್ಟಾಗೆಲ್ಲ ಮುಖದ ನಡುವೆ ಬೇರೆ ಯಾರದೋ ಸಾಮಾನನ್ನು ಹೊತ್ತು ನಡೆದಂತೆ ಭಾರ, ಅಷ್ಟೇ. ಬೀಳಿಸಿಬಿಟ್ಟೇನೇನೋ ಎಂದು ಮೆಲ್ಲಗೆ ನಡೆಯುತ್ತೇನೆ.

ಈ ಮಬ್ಬಿನ ವಾರಗಳು ಮುಗಿಯುವುದೇ ಬೇಡ ಅನ್ನಿಸುತ್ತಿದೆ. ಬೆಳಿಗ್ಗೆ ನಡೆದು ಕೆಲಸಕ್ಕೆ ಹೋಗುತ್ತೇನೆ. ಎದುರು ಬರುವವರಿಗೆ ಮುಖವೇ ಇರುವುದಿಲ್ಲ, ಬಟ್ಟೆಯ ಬಣ್ಣ ಮತ್ತು ಚಪ್ಪಲಿ ಸದ್ದು ಮಾತ್ರ. ಅವರಿಗೆ ಮುಖವಿಲ್ಲದಿದ್ದರೆ ನನಗೂ ಇಲ್ಲ ಎಂದು ಮನಸ್ಸು ತಾನೇ ಲೆಕ್ಕ ಹಾಕಿಕೊಂಡುಬಿಟ್ಟಿದೆ. ಬೀದಿದೀಪದ ಕಂಬಗಳನ್ನು ಮನುಷ್ಯರೆಂದುಕೊಂಡು ಎರಡು ಸಲ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಹಣೆ ತಗಲುವಷ್ಟು ಕನ್ನಡಿಗೆ ಹತ್ತಿರ ಹೋದರೆ ಮಾತ್ರ ನಾನು ನನಗೆ ಕಾಣುತ್ತೇನೆ. ಅಷ್ಟು ಹತ್ತಿರದಲ್ಲಿ ಮುಖ ಇರುವುದಿಲ್ಲ, ಬರೀ ಚರ್ಮ ಇರುತ್ತದೆ. ಇಷ್ಟು ಹಗುರವಾಗಿ ನಾನು ಬೀದಿಯಲ್ಲಿ ನಡೆದದ್ದೇ ಇಲ್ಲ.

ಕೆಲಸದಲ್ಲಿ ಯಾರಿಗೂ ಗೊತ್ತಾಗಲಿಲ್ಲ ಅಂದರೆ ನಂಬುತ್ತೀರಾ? ರಜೆ ಮುಗಿಸಿ ಹೋದ ದಿನ ಬಾಗಿಲ ತನಕ ಹೋಗಿ ಎರಡು ಸಲ ಹಿಂದಿರುಗಿದ್ದೆ. ಧ್ವನಿಮುದ್ರಣ ಮಾಡುವವರು ಗಾಜಿನ ಆ ಕಡೆಯಿಂದ ಬಗ್ಗಿ ನೋಡಿದರು. “ಏನೋ ಬೇರೆ ಥರ ಕಾಣ್ತಿದ್ದೀರಲ್ಲ? ಕೂದಲು ಕತ್ತರಿಸಿದ್ರಾ?” ಅಂದರು. ಲೆಕ್ಕಪತ್ರದವರು “ಸ್ವಲ್ಪ ತೆಳ್ಳಗಾಗಿದ್ದೀರಿ” ಅಂದರು. ಏಳು ವರ್ಷ ನಾನು ಇವರಿಂದ ಬಚ್ಚಿಟ್ಟುಕೊಂಡು ಬಂದ ಮೂಗನ್ನು ಇವರ್‍ಯಾರೂ ನೋಡಿಯೇ ಇರಲಿಲ್ಲ.

ಯಾರು ಏನಂದರು ಎಂದು ಕೇಳಿದ್ದೀರಿ. ಹೇಳಬಾರದು ಅಂದುಕೊಂಡಿದ್ದೆ. ನೀವು, ಅಪ್ಪ.

ನನಗೆ ಒಂಬತ್ತೋ ಹತ್ತೋ. ಶಾಲೆ ಬಿಟ್ಟು ಅಂಗಡಿಗೆ ಬಂದರೆ ಗಿರಾಕಿಗಳ ಮುಂದೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಹೊಸ ಫ್ರೇಮು ಹಾಕಿ, ಪಕ್ಕಕ್ಕೆ ತಿರುಗಿಸುತ್ತಿದ್ದಿರಿ. “ಬೇರೆಯವರ ಮೂಗಿನಿಂದ ಜಾರಬಹುದು ಸಾರ್. ನನ್ನ ಮಗಳ ಮೂಗಿನ ಮೇಲೆ ಇಟ್ರೆ ಭೂಕಂಪ ಆದ್ರೂ ಅಲ್ಲಾಡಲ್ಲ!” ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನೀವು ಹೆಮ್ಮೆಯಿಂದಲೇ ಹೇಳುತ್ತಿದ್ದಿರಿ, ಗೊತ್ತು. ಆದರೆ ಅಂದಿನಿಂದ ಇಂದಿನವರೆಗೆ ನಾನು ಎಲ್ಲಿ ಹೋದರೂ ಗೋಡೆ ಪಕ್ಕದ ಜಾಗ ಹುಡುಕಿ ಕೂರುತ್ತೇನೆ. ಪಕ್ಕದಿಂದ ಯಾರಿಗೂ ಕಾಣಬಾರದು ಎಂದು.

ಸಿಟ್ಟಿನಿಂದ ಬರೆಯುತ್ತಿಲ್ಲ. ಕೇಳಿದಿರಿ, ಅದಕ್ಕೆ.

ಮಗಳು


ಏಪ್ರಿಲ್ 22

ಪುಟ್ಟೀ,

ಇದು ಅಮ್ಮ. ನಿನ್ನಪ್ಪ ನಾಲ್ಕು ಸಲ ಕಾಗದ ಬರೆದು ನಾಲ್ಕು ಸಲ ಹರಿದರು. ಅಂಗಡಿಯಲ್ಲಿದ್ದ ಆ ಸ್ಟೂಲನ್ನು ಒಳಗೆ ತಂದಿಟ್ಟಿದ್ದಾರೆ. ಯಾಕೆ ಎಂದರೆ “ಕಾಲು ಅಲ್ಲಾಡುತ್ತೆ” ಅಂತಾರೆ. ನಾನು ಕೂತು ನೋಡಿದೆ, ಗಟ್ಟಿಮುಟ್ಟಾಗಿದೆ.

ನಾನೂ ಅವರಿಗೆ ಹೇಳಿದೆ: “ಯಾವಾಗಲೂ ನಿಮ್ಮ ಮೂಗಿನ ನೇರಕ್ಕೇ ಯೋಚಿಸ್ತೀರಿ” ಅಂತ. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು.

ನೀನು ಫೋನಿನಲ್ಲಿ ಚೆನ್ನಾಗಿದ್ದೀನಿ ಅಂತೀಯ. ಆ ‘ಚೆನ್ನಾಗಿ’ ನನಗೆ ಹಿಡಿಸುತ್ತಿಲ್ಲ. ನಿಜ ಬರಿ.

ಅಮ್ಮ


ಜುಲೈ 2

ಅಪ್ಪಾ, ಅಮ್ಮಾ, ಇಬ್ಬರಿಗೂ,

ನಿಜ ಬರೆಯುತ್ತೇನೆ.

ಮಾರ್ಚ್ ಕೊನೆಗೆ ಕನ್ನಡಕ ಹಾಕಿಕೊಂಡೆ. ಮಬ್ಬೆಲ್ಲ ಒಂದೇ ಏಟಿಗೆ ಹರಿದುಹೋಯಿತು. ಎಲೆಗಳಿಗೆ ಅಂಚು ಬಂತು, ಜನರಿಗೆ ಕಣ್ಣು ಬಂದವು, ಕನ್ನಡಿಯಲ್ಲಿ ಒಬ್ಬಳು ಬಂದು ನಿಂತಳು. ಮೊದಲ ವಾರ ಅವಳನ್ನು ನೋಡಿ ಸಂತೋಷಪಟ್ಟೆ. ಆಸ್ಪತ್ರೆಯವರು ಕಳಿಸಿದ್ದ ತೃಪ್ತಿಪತ್ರದಲ್ಲಿ ಹತ್ತಕ್ಕೆ ಒಂಬತ್ತು ಎಂದು ತುಂಬಿ ಕಳಿಸಿದೆ. ಎರಡನೇ ವಾರ ಮೂಗಿನ ಎಡಬದಿ ಬಲಕ್ಕಿಂತ ಚೂರು ಏರಿದಂತೆ ಕಂಡಿತು. ಅಂದಿನಿಂದ ಅದನ್ನು ಬಿಟ್ಟು ಬೇರೇನೂ ಕಂಡಿಲ್ಲ.

ಎರಡು ಕಣ್ಣುಗಳ ನಡುವಿನ ಅಂತರ ಅಳೆಯುವ ನಿಮ್ಮ ಹಳೇ ಅಳತೆಪಟ್ಟಿ ನನ್ನ ಹತ್ತಿರ ಇದೆ. ಬೆಳಿಗ್ಗೆ ಅಳೆಯುತ್ತೇನೆ, ಮಧ್ಯಾಹ್ನ ಅಳೆಯುತ್ತೇನೆ, ದೀಪ ಬದಲಾಯಿಸಿ ಅಳೆಯುತ್ತೇನೆ. ಹಿಂದಿನಿಂದ, ಪಕ್ಕದಿಂದ ಕಾಣಲೆಂದು ಕನ್ನಡಿಗಳನ್ನು ತಂದೆ. ಈಗ ಏಳು ಇವೆ. ಒಂದು ತಿಂಗಳಿಂದ ಕೆಲಸಕ್ಕೆ ಹೋಗಿಲ್ಲ.

ಮತ್ತೊಂದು ಆಪರೇಷನ್ ಮಾಡಿ ಎಂದು ಕೇಳಲು ಹೋದೆ. ಸರ್ಜನ್ ಬೆರಳಿಂದ ಮುಟ್ಟಿ ನೋಡಿದರು. “ಊತ ಪೂರ್ತಿ ಇಳಿಯೋಕೆ ವರ್ಷ ಬೇಕು. ನನ್ನ ಕೈಯಲ್ಲಾದ ಒಳ್ಳೇ ಕೆಲಸಗಳಲ್ಲಿ ಇದೂ ಒಂದು” ಅಂದರು. ನಾನು ಅಳತೆಗಳನ್ನೆಲ್ಲ ಬರೆದಿಟ್ಟ ಪುಸ್ತಕ ತೆಗೆದು ಮುಂದಿಟ್ಟೆ. ನಾಲ್ಕು ಪುಟ ತಿರುವಿದರು. ಮೆಲ್ಲಗೆ ಮುಚ್ಚಿದರು. “ಇದನ್ನ ನಾನು ಮೊದಲೇ ನೋಡಬೇಕಿತ್ತು. ನೋಡಿದ್ದಿದ್ರೆ ಚಾಕು ಹಿಡೀತಿರಲಿಲ್ಲ” ಅಂದರು.

ಅವರ ತಪ್ಪಲ್ಲ. ಆಪರೇಷನ್ನಿಗೆ ಮುಂಚೆ ನಲವತ್ತು ಪ್ರಶ್ನೆಗಳ ಹಾಳೆ ಕೊಟ್ಟಿದ್ದರು. ದಿನಕ್ಕೆ ಎಷ್ಟು ಹೊತ್ತು ಕನ್ನಡಿ ನೋಡುತ್ತೀರಿ? ‘ಹತ್ತು ನಿಮಿಷ’ ಎಂದು ಬರೆದೆ. ಎರಡು ಗಂಟೆ ನೋಡುತ್ತಿದ್ದೆ. ಮೂಗಿನ ಕಾರಣದಿಂದ ಎಲ್ಲಿಗಾದರೂ ಹೋಗುವುದನ್ನು ತಪ್ಪಿಸಿದ್ದೀರಾ? ‘ಇಲ್ಲ’. ಓದುವುದೇ ಕಸುಬಾದವಳಿಗೆ ಪ್ರಶ್ನೆಯ ದನಿಯಲ್ಲೇ ಅದಕ್ಕೆ ಬೇಕಾದ ಉತ್ತರ ಕೇಳಿಸುತ್ತದೆ.

ಈಗ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕಳಿಸಿದ್ದಾರೆ. ಮೊದಲ ದಿನ ಅವರು ಒಂದೇ ಪ್ರಶ್ನೆ ಕೇಳಿದರು: “ಮೂಗು ಸರಿಹೋದ ಮೇಲೆ ಏನು ಮಾಡಬೇಕು ಅಂತಿದ್ರಿ?”

“ನಡುವಿನ ಸಾಲಲ್ಲಿ ಕೂತ್ಕೋಬೇಕು ಅಂತಿದ್ದೆ.”

“ಎಲ್ಲಿಯ ನಡುವಿನ ಸಾಲು?”

“ಎಲ್ಲಾದ್ರೂ.”

ಎದ್ದು ಬಂದುಬಿಟ್ಟೆ. ಮತ್ತೆ ಹೋಗಿಲ್ಲ. ನೀವು ಬರಬೇಡಿ. ಈ ಮುಖ ಸರಿಹೋಗುವ ತನಕ ಯಾರೂ ಬರಬೇಡಿ.

ಮಗಳು


ಜುಲೈ 9

ಮಗಳೇ,

ಬರುತ್ತಿದ್ದೇನೆ. ಬೇಡವೆಂದು ಬರೆಯಬೇಡ. ಆ ಕಾಗದ ಇಲ್ಲಿಗೆ ಬರುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಹದಿನೈದನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ. ಬಸ್ ನಿಲ್ದಾಣಕ್ಕೆ ಬಾ. ಬರದಿದ್ದರೂ ವಿಳಾಸ ಇದೆ.

ಅಪ್ಪ


ಜುಲೈ 21

ನನ್ನವಳಿಗೆ,

ಫೋನಿನಲ್ಲಿ ಹೇಳಲಾರೆ. ಕೋಣೆ ಒಂದೇ, ಅವಳು ಪಕ್ಕದಲ್ಲೇ ಇರುತ್ತಾಳೆ. ಈಗ ಸ್ನಾನಕ್ಕೆ ಹೋಗಿದ್ದಾಳೆ, ಬೇಗ ಬೇಗ ಬರೆಯುತ್ತೇನೆ.

ಬಸ್ಸಿಳಿದೆ. ಮಗಳಿಲ್ಲ. ಕನ್ನಡಕ ಹಾಕಿಕೊಂಡ, ನನ್ನ ಮೂಗಿನ ಹುಡುಗಿಯನ್ನು ಹುಡುಕುತ್ತಾ ಮುಕ್ಕಾಲು ಗಂಟೆ ನಿಂತೆ. ನೀನು ಕೊಟ್ಟ ಬುತ್ತಿಯ ಚೀಲ ಕೈಯಿಂದ ಕೈಗೆ ಬದಲಾಯಿಸಿ ಸಾಕಾಯಿತು. ಕಡೆಗೆ ನಾಚಿಕೆ ಬಿಟ್ಟು “ಮಗಳೇ!” ಎಂದು ಕೂಗಿದೆ. ಮೂವರು ಹೆಂಗಸರು ತಿರುಗಿದರು. ಅವರಲ್ಲೊಬ್ಬಳು ನನ್ನಿಂದ ನಾಲ್ಕು ಮಾರು ದೂರದಲ್ಲಿ, ಕಂಬಕ್ಕೆ ಒರಗಿಕೊಂಡು, ಕನ್ನಡಕ ಕೈಯಲ್ಲಿ ಹಿಡಿದು ನಿಂತಿದ್ದಳು. ಮೂಗು ಒತ್ತುತ್ತದೆಂದು ಹೊರಗೆ ಹಾಕಿಕೊಳ್ಳುವುದಿಲ್ಲವಂತೆ. ಅವಳಿಗೆ ನಾನು ಕಾಣಿಸಿರಲಿಲ್ಲ, ನನಗೆ ಅವಳು ಗೊತ್ತಾಗಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಒಂದೇ ಕಡೆ ನಿಂತಿದ್ದೆವು.

ಅವಳು ಹೇಳಿದ್ದು ಇಷ್ಟೇ: “ಗುರುತು ಸಿಗಲಿಲ್ವಾ?” ಕೇಳುವಾಗ ಅವಳಿಗೆ ಸಂತೋಷವೋ ದುಃಖವೋ ತಿಳಿಯಲಿಲ್ಲ. ಅವಳಿಗೂ ತಿಳಿದಂತೆ ಕಾಣಲಿಲ್ಲ.

ಕೆಲಸ ತಿಳಿದವನಾಗಿ ಹೇಳುತ್ತೇನೆ, ಮೂಗು ಚೆನ್ನಾಗಿದೆ. ಆದರೆ ಪರದೆಗಳು ಮುಚ್ಚಿವೆ. ಏಳು ಕನ್ನಡಿಗಳಲ್ಲಿ ನಾನು ಎಲ್ಲಿ ತಿರುಗಿದರೂ ನಾನೇ ಎದುರಾಗುತ್ತೇನೆ. ಹಾಲು ಕಾಯಿಸಲು ನಿಂತವಳು ಸ್ಟೀಲಿನ ಚಮಚದಲ್ಲಿ ಮೂಗು ನೋಡಿಕೊಳ್ಳುತ್ತಾ ನಿಂತುಬಿಟ್ಟಳು. ಹಾಲು ಉಕ್ಕಿಹೋಯಿತು.

ಮೂರನೇ ದಿನ ಅಳತೆಪಟ್ಟಿ ತಂದು ನನ್ನ ಕೈಗೆ ಕೊಟ್ಟಳು. “ನೀವು ಸುಳ್ಳು ಹೇಳಲ್ಲ. ಅಳೆದು ಹೇಳಿ.” ಏನು ಮಾಡಲಿ ಹೇಳು. ಅಳೆಯದೆ ಏನೂ ಇಲ್ಲ ಅಂದರೆ ಸುಳ್ಳಾಗುತ್ತದೆ. ಕಿಟಕಿಯ ಪರದೆ ಸರಿಸಿ, ಬೆಳಕಿಗೆ ಕೂರಿಸಿ, ಅಂಗಡಿಯಲ್ಲಿ ಅಳೆಯುವ ಹಾಗೆ ಅಳೆದೆ.

“ಅರ್ಧ ಮಿಲಿಮೀಟರ್” ಅಂದೆ.

“ಇದೆ ಅಲ್ವಾ?”

“ಇದೆ. ಎಲ್ಲರ ಮುಖದಲ್ಲೂ ಇದಕ್ಕಿಂತ ಹೆಚ್ಚಿರತ್ತೆ. ಎರಡು ಕಿವಿಯೇ ಒಂದು ಮೇಲೆ, ಒಂದು ಕೆಳಗೆ. ಇಲ್ಲದಿದ್ರೆ ನಾನು ಇಷ್ಟು ವರ್ಷ ಕನ್ನಡಕದ ಕಡ್ಡಿ ಬಗ್ಗಿಸಿ ಕೊಟ್ಟಿದ್ದು ಯಾಕೆ?”

ಅವಳು ನನ್ನ ಭುಜಕ್ಕೆ ಹಣೆಯಿಟ್ಟು ಅತ್ತಳು. ಚಿಕ್ಕವಳಾಗಿದ್ದಾಗಲೂ ಹಾಗೆ ಅತ್ತದ್ದು ನೆನಪಿಲ್ಲ. “ಇದೆ ಅಂತ ಒಬ್ಬರಾದ್ರೂ ಒಪ್ಕೊಂಡ್ರಲ್ಲ” ಅಂದಳು.

ಮರುದಿನ ಅವಳೇ ಡಾಕ್ಟರಮ್ಮನ ಹತ್ತಿರ ಹೊರಟಳು. ನಾನು ಹೊರಗೆ ಕೂತಿದ್ದೆ. ಚೀಟಿ ಬರೆಯುವ ಹೆಂಗಸಿನ ಕನ್ನಡಕದ ತಿರುಪು ಸಡಿಲವಾಗಿತ್ತು, ಬಿಗಿ ಮಾಡಿಕೊಟ್ಟೆ. ಒಂದು ಗಂಟೆಯ ನಂತರ ಮಗಳು ಹೊರಗೆ ಬಂದಳು. “ಮುಂದಿನ ವಾರವೂ ಬರ್ತೀನಿ ಅಂದಿದ್ದೀನಿ” ಎಂದಳು. ಇನ್ನು ಹತ್ತು ದಿನ ಇದ್ದು ಬರುತ್ತೇನೆ. ಅಂಗಡಿ ನೋಡಿಕೋ.

ನೀರಿನ ಸದ್ದು ನಿಂತಿತು.

ನಿನ್ನವನು


ಅಕ್ಟೋಬರ್ 11

ಅಪ್ಪಾ,

ನೀವು ಹೋದ ಮೇಲೆ ಕನ್ನಡಿಗಳನ್ನು ಒಂದೊಂದಾಗಿ ಇಳಿಸುತ್ತಾ ಬಂದಿದ್ದೇನೆ. ಡಾಕ್ಟರಮ್ಮ ವಾರಕ್ಕೆ ಒಂದು ಅಂದಿದ್ದರು, ನಾನು ಎರಡು ವಾರಕ್ಕೆ ಒಂದರಂತೆ ಇಳಿಸಿದೆ. ಅದೂ ಆಗಬಹುದು ಅಂದರು. ದಿನಕ್ಕೊಂದು ಮಾತ್ರೆಯೂ ಇದೆ. ನುಂಗಿದ ಮೊದಲ ವಾರಗಳಲ್ಲಿ ಹಗಲೆಲ್ಲ ಹತ್ತಿಯೊಳಗೆ ನಡೆದಂತೆ ಇತ್ತು, ಈಗ ಪರವಾಗಿಲ್ಲ. ನನ್ನಂಥವರು ಅನೇಕರಿದ್ದಾರಂತೆ. ಮೂಗು ಮಾತ್ರ ಬೇಡವಾದವರು ಆಪರೇಷನ್ ಆದ ಮೇಲೆ ಅದನ್ನು ಮರೆತು ಅವರವರ ಕೆಲಸಕ್ಕೆ ಹೋಗುತ್ತಾರೆ, ಮುಖವೇ ಬೇಡವಾದವರು ಮೂಗಿನ ಬಳಿ ನಿಂತುಬಿಡುತ್ತಾರೆ ಎಂದರು. ನಾನು ಎರಡನೆಯ ಗುಂಪು. ಹಾಗೆ ಕೇಳಿದ್ದರಿಂದ ಬೇಜಾರಾಗಲಿಲ್ಲ. ಎಲ್ಲಿದ್ದೇನೆಂದು ಗೊತ್ತಾಯಿತು.

ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಹೋದ ವಾರ ಒಂದು ಕಾಗದ ಬಂತು. ಕಣ್ಣು ಕಾಣದ ಒಬ್ಬ ಹಳೇ ಮೇಷ್ಟ್ರು, ನನ್ನ ಪುಸ್ತಕಗಳನ್ನೆಲ್ಲ ಕೇಳಿದವರು, ಮೊಮ್ಮಗಳ ಕೈಲಿ ಬರೆಸಿದ್ದರು. “ಹೊಸ ಪುಸ್ತಕ ಓದಿದವರು ಹಿಂದಿನವರ ತಂಗಿಯೇ? ಅಕ್ಕನ ‘ನ’ಕಾರ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತಿತ್ತು, ಇವರದು ತೆರೆದ ಕಿಟಕಿಯಿಂದ ಬರುತ್ತದೆ. ಇದೂ ಚೆನ್ನಾಗಿದೆ. ಆದರೆ ಆಕೆ ಕ್ಷೇಮವೇ?”

ಅಪ್ಪಾ, ಕಣ್ಣಿದ್ದವರೆಲ್ಲ ಕೂದಲು ಕತ್ತರಿಸಿದ್ರಾ ಎಂದು ಕೇಳಿದರು. ನನ್ನ ಮುಖವನ್ನು ಒಮ್ಮೆಯೂ ನೋಡದವರೊಬ್ಬರು ನನ್ನ ಹಳೇ ಮೂಗನ್ನು ಗುರುತಿಟ್ಟುಕೊಂಡಿದ್ದರು, ಅದು ಕಾಣೆಯಾದದ್ದಕ್ಕೆ ಕಳವಳಪಟ್ಟಿದ್ದರು. ಮೊದಲ ಸಲ ನನಗೆ ಆ ಮೂಗಿನ ಬಗ್ಗೆ ಮರುಕ ಹುಟ್ಟಿತು. ಹಾಗಂತ ವಾಪಸು ಬೇಕು ಅಂತಲ್ಲ.

ಉತ್ತರವನ್ನು ಧ್ವನಿಮುದ್ರಿಸಿ ಕಳಿಸಿದೆ. “ಅಕ್ಕ ತಂಗಿ ಇಲ್ಲ ಮೇಷ್ಟ್ರೇ, ಇಬ್ಬರೂ ನಾನೇ. ಕ್ಷೇಮದ ಹತ್ತಿರ ಬಂದಿದ್ದೇನೆ” ಎಂದೆ. ಅಷ್ಟು ಹೇಳಲು ಆರು ಸಲ ಮುದ್ರಿಸಬೇಕಾಯಿತು.

ನಿಮ್ಮ ಮಗಳು


ನವೆಂಬರ್ 5

ಮಗಳೇ,

ನಿನ್ನ ಮಾರ್ಚ್ ತಿಂಗಳ ಕಾಗದಕ್ಕೆ ಇದು ಉತ್ತರ. ಏಳೆಂಟು ತಿಂಗಳು ತಡವಾಯಿತು. ನಿನ್ನ ಕೋಣೆಯಲ್ಲಿ ಇದ್ದಷ್ಟು ದಿನವೂ ಹೇಳಬೇಕೆಂದು ಬಾಯಿ ತೆರೆದು ಮುಚ್ಚಿದ್ದೇನೆ.

ಹದಿನೇಳನೇ ವಯಸ್ಸಿನಲ್ಲಿ ನನ್ನನ್ನು ಎಲ್ಲರೂ ‘ಗಿಳಿ’ ಎಂದು ಕರೆಯುತ್ತಿದ್ದರು. ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ಗಿಳಿಯ ಕೂಗು. ಒಂದು ದಿನ ಪೇಟೆಗೆ ಹೋಗಿ ದಪ್ಪನೆಯ ಕಪ್ಪು ಫ್ರೇಮಿನ ಕನ್ನಡಕ ತಂದೆ. ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ, ಬರೀ ಗಾಜು. ಮುಖದ ಮೇಲೆ ಕನ್ನಡಕವಿದ್ದರೆ ಜನ ಅದನ್ನೇ ನೋಡುತ್ತಾರೆ, ಮೂಗು ಅದರ ಕೆಳಗೆ ಅಡಗುತ್ತದೆ ಎಂದು ನನ್ನ ಲೆಕ್ಕ. ಅಡಗಿತೋ ಇಲ್ಲವೋ, ನನಗೆ ಧೈರ್ಯ ಬಂತು. ಆ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದೆ. ಕನ್ನಡಕ ಮಾರುವವನು ಕನ್ನಡಕ ಹಾಕಿದ್ದರೆ ಯಾರು ಯಾಕೆ ಕೇಳುತ್ತಾರೆ?

ನಲವತ್ತೆರಡನೇ ವಯಸ್ಸಿನಲ್ಲಿ ನಿಜವಾದ ನಂಬರ್ ಬಂತು. ಆ ದಿನ ಎಷ್ಟು ಸಂತೋಷಪಟ್ಟೆನೆಂದರೆ, ಇಪ್ಪತ್ತೈದು ವರ್ಷದ ಸುಳ್ಳು ತಾನೇ ನಿಜವಾಗಿ ನನ್ನನ್ನು ಬಿಡುಗಡೆ ಮಾಡಿತು ಅನ್ನಿಸಿತು. ನಿನ್ನ ಅಮ್ಮನಿಗೆ ಗೊತ್ತಿದ್ದಿರಲೇಬೇಕು. ಗಾಜು ಉಜ್ಜುವವಳು ಅವಳೇ ತಾನೆ. ಒಂದು ದಿನವೂ ಕೇಳಿದವಳಲ್ಲ.

ಭೂಕಂಪದ ಜೋಕು ಮೊದಲು ಇದ್ದದ್ದು ನನ್ನ ಮೇಲೆ. ಬೇರೆಯವರು ನಗುವ ಮೊದಲೇ ನಾನೇ ನಗಿಸಿಬಿಡುತ್ತಿದ್ದೆ. ನೀನು ಬಂದೆ, ಅದೇ ಮೂಗು ಹೊತ್ತು ಬಂದೆ, ಜೋಕನ್ನು ನಿನಗೆ ದಾಟಿಸಿ ನಾನು ಹಗುರಾದೆ. ‘ಗೊತ್ತಿಲ್ಲದೆ ಮಾಡಿದೆ’ ಎಂದು ಬರೆದು ಈಗಷ್ಟೇ ಹೊಡೆದುಹಾಕಿದೆ. ಸ್ವಲ್ಪ ಗೊತ್ತಿತ್ತು. ನೀನು ನಗುವಾಗ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುತ್ತಿದ್ದೆ. ನೋಡಿದ್ದೆ.

ತಪ್ಪಾಯಿತು, ಮಗಳೇ.

ಅಪ್ಪ


ನವೆಂಬರ್ 29

ಅಪ್ಪಾ,

ನಿಮ್ಮ ಕಾಗದವನ್ನು ಮೊದಲು ಮನಸ್ಸಿನಲ್ಲಿ ಓದಿದೆ. ಆಮೇಲೆ ಸ್ಟುಡಿಯೋದಲ್ಲಿ ಯಾರೂ ಇಲ್ಲದಾಗ ಗಟ್ಟಿಯಾಗಿ ಓದಿದೆ. ‘ತಪ್ಪಾಯಿತು’ ಎಂಬಲ್ಲಿ ನನ್ನ ದನಿ ನಿಮ್ಮದರಂತೆಯೇ ಕೇಳಿಸಿತು.

ಮೊನ್ನೆ ಗುರುವಾರ ಸಂಜೆ ಮುಖ ತೊಳೆಯುವಾಗ, ಬೆಳಿಗ್ಗೆಯಿಂದ ಕನ್ನಡಿ ನೋಡಿಲ್ಲ ಎಂದು ಹೊಳೆಯಿತು. ಒಂದು ಇಡೀ ದಿನ ಅದು ನೆನಪಿಗೇ ಬಂದಿರಲಿಲ್ಲ. ಶುಕ್ರವಾರ ಮತ್ತೆ ನಲವತ್ತು ನಿಮಿಷ ನಿಂತೆ. ಇನ್ನು ಮುಂದೆ ಹೀಗೇ ಇರುತ್ತದೆ, ಒಂದು ದಿನ ಹೀಗೆ, ಒಂದು ದಿನ ಹಾಗೆ ಎಂದರು ಡಾಕ್ಟರಮ್ಮ. ಇನ್ನೊಂದು ಆಪರೇಷನ್ನಿನ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಒಂದು ಕೇಳಲೇ? ಆ ಹದಿನೇಳು ವರ್ಷದ ಗಿಳಿಯ ಫೋಟೋ ಒಂದಿದ್ದರೆ ಕಳಿಸಿ. ಅವನನ್ನು ನೋಡಬೇಕು ಅನ್ನಿಸುತ್ತಿದೆ.

ನಿಮ್ಮ ಮಗಳು


ಡಿಸೆಂಬರ್ 18

ಮಗಳೇ,

ಮನೆಯೆಲ್ಲ ಹುಡುಕಿದೆ, ಇಲ್ಲ. ಆ ವರ್ಷಗಳಲ್ಲಿ ಯಾರಾದರೂ ಕ್ಯಾಮೆರಾ ಎತ್ತಿದರೆ ನಾನು ಶೂ ಲೇಸು ಕಟ್ಟಲು ಬಗ್ಗುತ್ತಿದ್ದೆ. ಆಮೇಲಿನ ಫೋಟೋಗಳಲ್ಲೆಲ್ಲ ನೇರ ಮುಖ, ಕನ್ನಡಕ. ನಮ್ಮ ಮದುವೆಯದರಲ್ಲೂ ಅಷ್ಟೇ.

ನಿನ್ನೆ ನಿನ್ನ ಅಮ್ಮ ಅಂಗಡಿಗೆ ಬೀಗ ಹಾಕಿ, “ಏಳಿ” ಅಂದಳು. ಬೀದಿಯ ಕೊನೆಯ ಫೋಟೋ ಸ್ಟುಡಿಯೋಗೆ ಕರೆದುಕೊಂಡು ಹೋದಳು. ನನ್ನ ಕನ್ನಡಕ ತಾನೇ ತೆಗೆದು ತನ್ನ ಸೆರಗಿನಲ್ಲಿ ಸುತ್ತಿಟ್ಟುಕೊಂಡಳು. ಅದಿಲ್ಲದೆ ನನಗೆ ಎಲ್ಲ ಮಬ್ಬು. ಲೈಟು ಒಂದು ದೊಡ್ಡ ಹಳದಿ ಮೋಡದ ಹಾಗಿತ್ತು, ಅದರೊಳಗೆಲ್ಲೋ ಫೋಟೋದವನಿದ್ದ. “ಸಾರ್, ಸ್ವಲ್ಪ ಕ್ಯಾಮೆರಾ ಕಡೆ ನೋಡಿ” ಅಂದ.

“ಬೇಡಪ್ಪ, ಪಕ್ಕದಿಂದ ತೆಗೀ” ಅಂದೆ. ಅರವತ್ತಮೂರು ವರ್ಷಕ್ಕೆ ಮೊದಲ ಸಲ ಪಕ್ಕಕ್ಕೆ ತಿರುಗಿ ಕೂತೆ.

ಇದರೊಂದಿಗೆ ಇಟ್ಟಿದ್ದೇನೆ.

ಅಪ್ಪ